ಸಂಬಳದ ದಿನ ಅಮ್ಮನ ಫೋನ್ ಬರುತ್ತದೆ

ನನ್ನ ಪಿಎಚ್‌ಡಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಫೋನ್ ನಂಬರ್ ಹುಡುಕೋದು. ಬಾಲಮಂದಿರಗಳಲ್ಲಿ ಬೆಳೆದು ಹದಿನೆಂಟಕ್ಕೆ ಹೊರಗೆ ಬಂದವರು ಆಮೇಲೆ ಹೇಗೆ ಬದುಕುತ್ತಾರೆ ಅನ್ನೋದು ನನ್ನ ವಿಷಯ. ಪುಸ್ತಕ ಓದಬಹುದು, ಪ್ರಶ್ನಾವಳಿ ತಯಾರು ಮಾಡಬಹುದು. ಉತ್ತರ ಹೇಳಬೇಕಾದವರು ಎಲ್ಲಿದ್ದಾರೆ ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರಿದೆ, ಸೇರಿದ ತಾರೀಕಿದೆ, ಬಿಟ್ಟ ತಾರೀಕಿದೆ. ಮುಂದೆ 'ತಾಯಿಯ ವಶಕ್ಕೆ ಒಪ್ಪಿಸಲಾಗಿದೆ' ಅಂತ ಒಂದು ಸಾಲು. ನಂಬರ್ ಬರೆದಿದ್ದರೆ ಅದು ಯಾವುದೋ ಕಾಲದಲ್ಲಿ ಚಿಕ್ಕಪ್ಪ ಇಟ್ಟುಕೊಂಡಿದ್ದ ಸಿಮ್. ಈಗ ಅದನ್ನು ಎತ್ತುವವರು ಬೇರೆ ಯಾರೋ. ಒಂದು ಸಲ ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿ ಎತ್ತಿದರು. ನನಗೆ ಹತ್ತಿ ಬೀಜದ ರೇಟು ಹೇಳಿದ ಮೇಲೇ ಫೋನ್ ಇಟ್ಟಿದ್ದು.

ನಾನು ಮೊದಲು ಒಂದು ಬಾಲಮಂದಿರದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ, ಕಾಂಟ್ರಾಕ್ಟ್ ಮೇಲೆ. ಈಗ ಧಾರವಾಡದಲ್ಲಿ ಇದ್ದುಕೊಂಡು ಹುಬ್ಬಳ್ಳಿ, ಗದಗ, ಹೊಸಪೇಟೆ, ಬೆಂಗಳೂರಿನ ಪೀಣ್ಯ ಅಂತ ಓಡಾಡುತ್ತೇನೆ. ಒಬ್ಬ ಸಿಕ್ಕರೆ ಅವನ ಮೂಲಕ ಇನ್ನೊಬ್ಬ ಸಿಗುತ್ತಾನೆ. ಅವರದ್ದೇ ವಾಟ್ಸಾಪ್ ಗುಂಪುಗಳಿವೆ. ಆಗಸ್ಟ್ 15ಕ್ಕೆ, ಗಣಪತಿ ಹಬ್ಬಕ್ಕೆ ಹಳೆ ಹುಡುಗರು ಬಾಲಮಂದಿರಕ್ಕೆ ಬರುವುದುಂಟು. ಅಲ್ಲೂ ಒಂದಿಷ್ಟು ಜನ ಸಿಗುತ್ತಾರೆ.

ಆದರೆ ಹೀಗೆ ಸಿಗುವವರು ಯಾರು? ವಾರ್ಡನ್ ಮುಂದೆ ಬಂದು ನಿಲ್ಲಲು ನಾಚಿಕೆ ಇಲ್ಲದವರು, ಅಂದರೆ ಕೈಯಲ್ಲಿ ಒಂದು ಕೆಲಸ ಇರುವವರು. ಕೆಲಸ ಬಿಟ್ಟವನು, ಕುಡಿತಕ್ಕೆ ಬಿದ್ದವನು, ಯಾರ ಜೊತೆಗೋ ಹೋಗಿ ಆಮೇಲೆ ಒಂಟಿಯಾದವಳು ಗಣಪತಿ ಹಬ್ಬಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಅಧ್ಯಯನಗಳು ಒಳ್ಳೆಯ ಸುದ್ದಿಯ ಕಡೆಗೇ ಸ್ವಲ್ಪ ವಾಲಿರುತ್ತವೆ. ಈ ವಿಷಯದ ಮೇಲೆ ಯಾವ ವರದಿ ಕೈಗೆ ಬಂದರೂ ನಾನು ಮೊದಲು ನೋಡುವುದು ಇವರನ್ನು ಹೇಗೆ ಹುಡುಕಿದರು ಅನ್ನುವ ಪುಟವನ್ನು.

ಹದಿನೆಂಟರ ಲೆಕ್ಕವೂ ಒಂದು ತಮಾಷೆ. ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆಯುತ್ತಿದ್ದದ್ದು ನಿಮಗೂ ಗೊತ್ತಿರುತ್ತದೆ. ನಿಮ್ಮ ಮನೆಯಲ್ಲೇ ಒಬ್ಬರು ಜೂನ್ 1ರವರು ಇರಬಹುದು. ಬಾಲಮಂದಿರದ ಪಟ್ಟಿಯಲ್ಲಂತೂ ಜೂನ್ ಒಂದರವರ ಸಾಲೇ ಇರುತ್ತದೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ ಶಾಲೆಯ ದಾಖಲೆಗೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಮೊದಲ ಮಾನ್ಯತೆ. ಅದೂ ಇಲ್ಲ, ಊರಿನ ಜನನ ಪ್ರಮಾಣಪತ್ರವೂ ಇಲ್ಲ ಅಂದರೆ ಮಾತ್ರ ಮೂಳೆಯ ಪರೀಕ್ಷೆ. ಹಾಗಾಗಿ ಎಂದೋ ಒಬ್ಬ ಮೇಷ್ಟ್ರು ಅಂದಾಜಿನಲ್ಲಿ ಗೀಚಿದ ತಾರೀಕೇ ಈ ಹುಡುಗರು ಯಾವತ್ತು ದೊಡ್ಡವರಾಗಬೇಕು ಅಂತ ತೀರ್ಮಾನ ಮಾಡುತ್ತದೆ. ಅದೂ ಎಂಥ ಹೊತ್ತಿನಲ್ಲಿ! ದ್ವಿತೀಯ ಪಿಯುಸಿ ಮುಗಿದು, ಮುಂದೆ ಡಿಗ್ರಿಯೋ ಐಟಿಐಯೋ ಅಂತ ಅರ್ಜಿ ಹಿಡಿದು ಓಡಾಡುವ ಜೂನ್ ತಿಂಗಳಲ್ಲಿ. ಇರಲು ಜಾಗ ಹುಡುಕಬೇಕಾದದ್ದೂ ಆಗಲೇ. ಒಳ್ಳೆಯ ಅಧೀಕ್ಷಕರಿದ್ದರೆ ಹೇಗೋ ಒಂದೆರಡು ತಿಂಗಳು ತಳ್ಳುತ್ತಾರೆ. ಎಲ್ಲರೂ ಹಾಗಿರುವುದಿಲ್ಲ.

ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ಹದಿನೆಂಟು ತುಂಬಿ ಹೊರಹೋಗುವವರಿಗೆ ಹಣದ ನೆರವಿನ ಬಗ್ಗೆ ಹೇಳುತ್ತದೆ, ಆದರೆ ಕೊಡಲೇಬೇಕು ಅಂತ ಕಟ್ಟುಹಾಕುವುದಿಲ್ಲ. ಹೊರಗೆ ಬಂದ ಮೇಲೂ ಸಿಗಬೇಕಾದ ಇಂಥ ನೆರವಿಗೆ ಅನುಪಾಲನೆ ಅಂತ ಹೆಸರು. ಅದು ಇಪ್ಪತ್ತೊಂದರವರೆಗೆ. ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ ಮುಂದುವರಿಸಬಹುದು ಅಂತ 2016ರ ಮಾದರಿ ನಿಯಮಗಳು ಹೇಳುತ್ತವೆ. ಆರರಿಂದ ಎಂಟು ಜನ ಒಟ್ಟಿಗೆ ಬಾಡಿಗೆ ಮನೆಯಲ್ಲಿರುವ ವ್ಯವಸ್ಥೆಯೂ ಅದರಲ್ಲಿದೆ. ಓದಲು ಚೆನ್ನಾಗಿದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಅನುಪಾಲನೆಗೆ ತಿಂಗಳಿಗೆ 4000 ರೂಪಾಯಿ. ಮೊದಲು 2000 ಇತ್ತು. ಬೆಂಗಳೂರಿನಲ್ಲಿ ನಾಲ್ಕು ಜನ ಹಂಚಿಕೊಳ್ಳುವ ಪಿಜಿಗೂ ಅದಕ್ಕಿಂತ ಜಾಸ್ತಿ ಬೇಕು. ನಾನು ಮಾತಾಡಿಸಿದವರಲ್ಲಿ ಎಷ್ಟೋ ಜನಕ್ಕೆ ಇಂಥದ್ದೊಂದು ನೆರವು ಇದೆ ಅನ್ನೋದೇ ನನ್ನ ಪ್ರಶ್ನೆಯಿಂದ ಗೊತ್ತಾಯಿತು. ಸಂದರ್ಶನ ಅರ್ಧಕ್ಕೆ ನಿಂತು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆಯುವುದು ಹೇಗೆ ಅನ್ನುವ ಪಾಠವಾಗಿಬಿಡುತ್ತಿತ್ತು.

ಇನ್ನೊಂದು ಹೋಲಿಕೆ ನನ್ನ ತಲೆಯಿಂದ ಹೋಗುವುದೇ ಇಲ್ಲ. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಪಿಎಂ ಕೇರ್ಸ್‌ನಿಂದ ಒಂದು ಯೋಜನೆ ಬಂತು. ಹದಿನೆಂಟರಿಂದ ಇಪ್ಪತ್ತಮೂರರವರೆಗೆ ತಿಂಗಳ ಭತ್ಯೆ, ಇಪ್ಪತ್ತಮೂರಕ್ಕೆ 10 ಲಕ್ಷ ರೂಪಾಯಿ. ಒಳ್ಳೆಯ ಯೋಜನೆ, ನನಗೆ ತಕರಾರಿಲ್ಲ. ಹದಿನೆಂಟಕ್ಕೆ ಯಾರೂ ದೊಡ್ಡವರಾಗುವುದಿಲ್ಲ, ಇಪ್ಪತ್ತಮೂರರವರೆಗೆ ಯಾರಾದರೂ ಬೆನ್ನಿಗಿರಬೇಕು ಅಂತ ಸರ್ಕಾರಕ್ಕೂ ಗೊತ್ತಿದೆ ಅಂತ ಆಯಿತು. ಅಪ್ಪ ಸತ್ತದ್ದು ಟಿಬಿಯಿಂದ ಆಗಿದ್ದರೆ, ಅಮ್ಮ ಸತ್ತದ್ದು ಹೆರಿಗೆಯಲ್ಲಿ ಆಗಿದ್ದರೆ ಆ ತಿಳಿವಳಿಕೆ ಎಲ್ಲಿ ಹೋಗುತ್ತದೆ?

ಹೊರದೇಶದವರು ಈ ವಿಷಯವನ್ನು ನಮಗಿಂತ ಬಹಳ ಮೊದಲೇ ಹಿಡಿದರು. ಅಮೆರಿಕದ ಮಿಡ್‌ವೆಸ್ಟ್ ಅಧ್ಯಯನ ಅಂತ ಒಂದಿದೆ, ಮಾರ್ಕ್ ಕೋರ್ಟ್ನಿ ಮತ್ತು ತಂಡದ್ದು. ಇಲಿನಾಯ್, ವಿಸ್ಕಾನ್ಸಿನ್, ಅಯೋವಾ ರಾಜ್ಯಗಳಲ್ಲಿ ಸರ್ಕಾರದ ಆರೈಕೆಯಲ್ಲಿದ್ದ 732 ಹುಡುಗ ಹುಡುಗಿಯರನ್ನು ಹದಿನೇಳು ಹದಿನೆಂಟರಲ್ಲಿ ಮಾತಾಡಿಸಿ, ಮತ್ತೆ ಮತ್ತೆ ಹುಡುಕಿಕೊಂಡು ಹೋಗಿ ಇಪ್ಪತ್ತಾರರವರೆಗೂ ಹಿಂಬಾಲಿಸಿದರು. ಅದರಲ್ಲಿ ಇಲಿನಾಯ್‌ನಲ್ಲಿ ಮಾತ್ರ ಇಪ್ಪತ್ತೊಂದರವರೆಗೆ ಆರೈಕೆಯಲ್ಲಿ ಉಳಿಯಲು ಅವಕಾಶ ಇತ್ತು. ಅಲ್ಲಿಯವರು ಜಾಸ್ತಿ ಸಂಖ್ಯೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದರು. 2008ರಲ್ಲಿ ಅಮೆರಿಕ ಸರ್ಕಾರ ಇಪ್ಪತ್ತೊಂದರವರೆಗೆ ಆರೈಕೆ ಮುಂದುವರಿಸುವ ರಾಜ್ಯಗಳಿಗೆ ಹಣ ಕೊಡುವ ಕಾಯ್ದೆ ತಂದಾಗ ಈ ಅಧ್ಯಯನದ ಮಾತು ಕೆಲಸಕ್ಕೆ ಬಂತು. ಇಂಗ್ಲೆಂಡಿನಲ್ಲಿ 2017ರ ಕಾಯ್ದೆಯ ನಂತರ ಇಪ್ಪತ್ತೈದರವರೆಗೂ ಒಬ್ಬ ಸಲಹೆಗಾರರ ನೆರವು ಕೇಳಬಹುದು. ಅಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಮೈಕ್ ಸ್ಟೈನ್ ಹೇಳಿದ ಒಂದು ಮಾತು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು: ಬೇರೆ ಮಕ್ಕಳು ವರ್ಷಗಟ್ಟಲೆ ತಗೊಂಡು ನಿಧಾನವಾಗಿ ದೊಡ್ಡವರಾಗುತ್ತಾರೆ, ಇವರು ಅದೆಲ್ಲವನ್ನೂ ಒಂದೇ ಉಸಿರಿಗೆ ಮುಗಿಸಬೇಕು.

ನಮ್ಮಲ್ಲೂ ಕೆಲಸ ನಡೆದಿದೆ. ದೆಹಲಿಯ ಉದಯನ್ ಕೇರ್ ಸಂಸ್ಥೆ ಐದು ರಾಜ್ಯಗಳಲ್ಲಿ 435 ಜನರನ್ನು ಮಾತಾಡಿಸಿ 2019ರಲ್ಲಿ ವರದಿ ತಂದಿತು. ಆ ಐದರಲ್ಲಿ ಕರ್ನಾಟಕವೂ ಒಂದು. ನಾನು ಈ ಕಡೆ ಹೊರಳಿದ್ದಕ್ಕೆ ಅದೂ ಒಂದು ಕಾರಣ.

ಇಷ್ಟೆಲ್ಲ ಓದಿಕೊಂಡು, ಮನೆ ಇದೆಯಾ, ಕೆಲಸ ಇದೆಯಾ, ಉಳಿತಾಯ ಎಷ್ಟು, ಅಡುಗೆ ಮಾಡಲು ಬರುತ್ತದಾ, ಬ್ಯಾಂಕ್ ಖಾತೆ ನೀವೇ ನೋಡಿಕೊಳ್ಳುತ್ತೀರಾ ಅಂತ ಪ್ರಶ್ನೆಗಳ ಪಟ್ಟಿ ಹಿಡಿದು ಹೊರಟೆ. ಎಲ್ಲ ಪ್ರಶ್ನೆಗಳ ಒಳಗೂ ಇದ್ದದ್ದು ಒಂದೇ ವಿಚಾರ: ಇವರು ತಮ್ಮ ಕಾಲ ಮೇಲೆ ತಾವು ನಿಂತಿದ್ದಾರಾ?

ಹುಬ್ಬಳ್ಳಿಯಲ್ಲಿ ಒಂದು ಕಾರ್ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡುವ ಹುಡುಗ. ಐಟಿಐ ಮುಗಿಸಿದ್ದಾನೆ, ಸಂಬಳ ಪರವಾಗಿಲ್ಲ, ಕುಡಿತ ಇಲ್ಲ, ಗುಟ್ಕಾ ಕೂಡ ಇಲ್ಲ. ಉಳಿತಾಯ ಎಷ್ಟಪ್ಪಾ ಅಂದರೆ ಸೊನ್ನೆ. ಪಟ್ಟಿಯ ಪ್ರಕಾರ ಅವನಿಗೆ 'ಹಣ ನಿರ್ವಹಣೆಯ ಕೌಶಲ ಕಡಿಮೆ' ಅಂತ ಬರೆಯಬೇಕು. ತರಬೇತಿಗೆ ಕಳಿಸಿ ಅಂತ ಶಿಫಾರಸು ಮಾಡಬೇಕು. ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಸುಮ್ನೆ ಕೇಳಿದೆ. ಅದು ಪಟ್ಟಿಯಲ್ಲಿರಲಿಲ್ಲ.

"ಅಮ್ಮಗೆ ಹಾಕ್ತೀನಿ ಮೇಡಂ."

ಅವನ ಫೈಲಿನಲ್ಲಿ ಅಮ್ಮ ಇದ್ದದ್ದು ನನಗೂ ಗೊತ್ತಿತ್ತು. ಇವನ ಏಳನೇ ವಯಸ್ಸಿನಲ್ಲಿ ಬಿಟ್ಟುಹೋದವಳು, ಮೊದಲೆರಡು ವರ್ಷ ಯುಗಾದಿಗೆ ಬಂದವಳು, ಆಮೇಲೆ ಬರದವಳು. ಇವನಿಗೆ ಕೆಲಸ ಸಿಕ್ಕ ಸುದ್ದಿ ಹೇಗೋ ತಲುಪಿದೆ, ಫೋನ್ ಬಂದಿದೆ. ಈಗ ಪ್ರತಿ ತಿಂಗಳು ಸಂಬಳದ ದಿನ ಸರಿಯಾಗಿ ಬರುತ್ತದೆ. ತಮ್ಮನ ಫೀಸು, ಮನೆಯ ತಗಡು, ಎರಡನೇ ಗಂಡನ ಆಸ್ಪತ್ರೆ. ನಾನು ಸ್ವಲ್ಪ ಸಿಟ್ಟಿನಲ್ಲೇ, ಇಲ್ಲ ಅನ್ನೋಕೆ ಆಗಲ್ವಾ ಅಂದೆ. ಅವನು ನಕ್ಕ. "ಇಲ್ಲ ಅಂದ್ರೆ ಮುಂದಿನ ತಿಂಗಳು ಫೋನ್ ಮಾಡಲ್ಲ ಮೇಡಂ."

ಇದು ಒಬ್ಬನ ಕಥೆ ಅಂದುಕೊಂಡು ಮುಂದೆ ಹೋದೆ. ಆಮೇಲೆ ಪೀಣ್ಯದ ಗಾರ್ಮೆಂಟ್ಸ್ ಹುಡುಗಿ ಇದನ್ನೇ ಹೇಳಿದಳು. ಹೊಸಪೇಟೆಯ ಹೋಟೆಲಿನ ಹುಡುಗ ಚಿಕ್ಕಪ್ಪನ ಬಗ್ಗೆ ಹೇಳಿದ. ಗಾರ್ಮೆಂಟ್ಸ್ ಹುಡುಗಿಗಂತೂ ಅದರಲ್ಲಿ ದುಃಖವೇ ಇರಲಿಲ್ಲ. "ನನ್ನನ್ನೂ ಕೇಳೋರು ಅಂತ ಇದ್ದಾರಲ್ಲ" ಅಂದಳು. ಆ ಮಾತನ್ನು ಯಾವ ಖಾನೆಗೆ ಹಾಕಲಿ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಬಾಲಮಂದಿರ ಅಂದ ಕೂಡಲೇ ಜನ ಅನಾಥ ಮಕ್ಕಳು ಅಂದುಕೊಳ್ಳುತ್ತಾರೆ. ಹಿಂದೆ ಮುಂದೆ ಯಾರೂ ಇಲ್ಲದವರು, ಹದಿನೆಂಟಕ್ಕೆ ಬೀದಿಗೆ ಬೀಳುವವರು. ಲೆಕ್ಕ ಹಾಗಿಲ್ಲ. ದೇಶದ ಮಕ್ಕಳ ಪಾಲನಾ ಸಂಸ್ಥೆಗಳನ್ನು ಎಣಿಸಿದ ಕೇಂದ್ರದ ವರದಿ 2018ರಲ್ಲಿ ಬಂತು. 9,589 ಸಂಸ್ಥೆಗಳು, ಸುಮಾರು 3.7 ಲಕ್ಷ ಮಕ್ಕಳು. ಅದರಲ್ಲಿ ಅನಾಥರು ಅಂತ ದಾಖಲಾದವರು 41 ಸಾವಿರದ ಆಸುಪಾಸು. ಅಪ್ಪ ಅಥವಾ ಅಮ್ಮ ಒಬ್ಬರಿರುವವರು ಸುಮಾರು 1.2 ಲಕ್ಷ. ಅಂದರೆ ಮಕ್ಕಳನ್ನು ಹೆಚ್ಚಾಗಿ ಇಲ್ಲಿಗೆ ತಂದದ್ದು ಸಾವಲ್ಲ, ಬಡತನ. ಗಂಡ ಬಿಟ್ಟ ಹೆಂಗಸು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಬೇಕು, ಮಗುವಿಗೆ ಊಟ ಶಾಲೆ ಬೇಕು, ಮಂದಿರಕ್ಕೆ ಸೇರಿಸುತ್ತಾಳೆ. ಅವಳು ಎಲ್ಲಿಗೂ ಹೋಗಿರುವುದಿಲ್ಲ. ಹನ್ನೊಂದು ವರ್ಷ ಫೈಲಿನ ಹೊರಗೆ ಇರುತ್ತಾಳೆ, ಅಷ್ಟೇ.

ಹಾಗಾಗಿ ನಮ್ಮ ಮುಂದೆ ಇರುವ ಪ್ರಶ್ನೆಯೇ ಬೇರೆ. ಇವರು ಒಂಟಿಯಾಗಿ ಹೇಗೆ ನಿಲ್ಲುತ್ತಾರೆ ಅಂತ ನಾವು ಅಳೆಯುತ್ತೇವೆ. ಇವರು ಒಂಟಿಯಾಗಿ ಇರುವುದೇ ಇಲ್ಲ. ಇಷ್ಟು ವರ್ಷ ಕಾಣದಿದ್ದ ಸಂಸಾರ ಒಂದೇ ಸಲ ಹೆಗಲ ಮೇಲೆ ಬಂದು ಕೂತಿರುತ್ತದೆ. ಅದನ್ನು ಹೊರುವ ರೂಢಿ ಇಲ್ಲ, ಇಳಿಸುವ ಮನಸ್ಸೂ ಇಲ್ಲ. ನಮ್ಮ ಮನೆಯ ಹುಡುಗರೂ ಮೊದಲ ಸಂಬಳ ಅಮ್ಮನ ಕೈಗೇ ಕೊಡುತ್ತಾರೆ, ಅಲ್ವಾ? ಆದರೆ ಕೈಯಲ್ಲಿ ದುಡ್ಡಿಲ್ಲದ ತಿಂಗಳು ಅದೇ ಅಮ್ಮ ಊಟ ಹಾಕುತ್ತಾಳೆ ಅನ್ನೋ ಖಾತ್ರಿ ಅವರಿಗಿದೆ. ಸರ್ವಿಸ್ ಸೆಂಟರಿನ ಹುಡುಗನಿಗೆ ಕಾಮಾಲೆ ಬಂದಾಗ ಗಂಜಿ ತಂದುಕೊಟ್ಟದ್ದು ಅವನ ಜೊತೆ ಮಂದಿರದಲ್ಲಿ ಬೆಳೆದ ಇನ್ನೊಬ್ಬ. ಅಮ್ಮನಿಗೆ ಇವನು ಹೇಳಲೇ ಇಲ್ಲ. ಹೇಳಿದರೆ ಭಾರ ಆಗುತ್ತೇನೆ ಅನ್ನೋ ಭಯ.

ಈ ಭಯದ ಬಗ್ಗೆ ಅಮೆರಿಕದ ಜೀನಾ ಸ್ಯಾಮ್ಯುಯೆಲ್ಸ್ ಮತ್ತು ಜೂಲಿಯಾ ಪ್ರೈಸ್ 2008ರಲ್ಲೇ ಬರೆದಿದ್ದರು. ಯಾರನ್ನೂ ನಂಬದೆ ಬದುಕುವುದೇ ಇವರಿಗೆ ಶಕ್ತಿ, ನೆರವು ಕೇಳಲು ಬಿಡದಿರುವುದೂ ಅದೇ ಶಕ್ತಿ ಅನ್ನೋದು ಅವರ ಮಾತು. ದಕ್ಷಿಣ ಆಫ್ರಿಕಾದ ಏಡ್ರಿಯನ್ ವ್ಯಾನ್ ಬ್ರೆಡಾ ಅವರ ಬರಹಗಳು ನನಗೆ ಇನ್ನೂ ಹತ್ತಿರ. ಒಬ್ಬರಿಗೊಬ್ಬರು ಆಗುವ ಸಂಬಂಧಗಳನ್ನು ಲೆಕ್ಕಕ್ಕೆ ತಗೊಳ್ಳದೆ ಈ ಹುಡುಗರ ಬದುಕು ಅರ್ಥವಾಗುವುದಿಲ್ಲ ಅಂತ ಅವರ ವಾದ. ಆದರೆ ಸಂಬಳದ ದಿನ ಫೋನ್ ಮಾಡುವ ಅಮ್ಮನನ್ನು ನಾನು ಯಾವ ವಿದೇಶಿ ಲೇಖನದಲ್ಲೂ ಸರಿಯಾಗಿ ನೋಡಿಲ್ಲ. ಅವಳನ್ನು ನಾವೇ ಬರೆಯಬೇಕು.

ಹುಡುಗಿಯರ ಮಾತು ಬೇರೆ ದಾರಿ ಹಿಡಿಯುತ್ತದೆ. ಹುಡುಗನಿಗೆ ಹದಿನೆಂಟಾದರೆ ಕೆಲಸ ಹುಡುಕು ಅನ್ನುತ್ತಾರೆ. ಹುಡುಗಿಗೆ ಹದಿನೆಂಟಾದರೆ ಎಲ್ಲರ ತಲೆಯಲ್ಲೂ ಮದುವೆ. ಕೆಲವರು ಬಾಲಮಂದಿರದಿಂದ, ಆಸರೆ ಇಲ್ಲದ ಹೆಣ್ಣುಮಕ್ಕಳಿಗೆ ಸರ್ಕಾರ ನಡೆಸುವ ರಾಜ್ಯ ಮಹಿಳಾ ನಿಲಯಕ್ಕೆ ಹೋಗುತ್ತಾರೆ. ಅಲ್ಲಿ ನಡೆಯುವ ಮದುವೆಗಳ ಫೋಟೋ ಪತ್ರಿಕೆಯಲ್ಲಿ ನೋಡಿರುತ್ತೀರಿ. ವರ ಅರ್ಜಿ ಹಾಕಿರುತ್ತಾನೆ, ಎಷ್ಟೋ ಸಲ ಹೆಣ್ಣು ಸಿಗದ ಮಲೆನಾಡಿನ ಕೃಷಿಕ. ಇಲಾಖೆಯವರು ಅವನ ಮನೆ, ಆದಾಯ ವಿಚಾರಿಸುತ್ತಾರೆ. ಜಿಲ್ಲಾಧಿಕಾರಿ ಬಂದು ಧಾರೆ ಎರೆಯುತ್ತಾರೆ. ನಾನು ಇದನ್ನು ಹಗುರವಾಗಿ ಆಡಿಕೊಳ್ಳುವವಳಲ್ಲ. ಆ ಸಿಬ್ಬಂದಿ ನಿಜವಾದ ಅಕ್ಕರೆಯಿಂದ ಓಡಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹೀಗೆ ಮದುವೆಯಾದ ಒಬ್ಬಳು ನನಗೆ ಹೇಳಿದ್ದು: "ಮದುವೆಗೆ ಡಿಸಿ ಬಂದಿದ್ದರು. ಸೀಮಂತಕ್ಕೆ ಯಾರೂ ಬರಲಿಲ್ಲ."

ಅವಳ ಫೈಲು ಮದುವೆಯ ದಿನವೇ ಮುಗಿದಿತ್ತು. ಪುನರ್ವಸತಿ ಆಯಿತು ಅಂತ ಲೆಕ್ಕ.

ನಮ್ಮ ಉತ್ತರ ಕರ್ನಾಟಕದಲ್ಲಿ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ಜೋಕಾಲಿ, ಉಂಡಿ, ಅರಳು. ಅಣ್ಣನೋ ತಮ್ಮನೋ ಕರೆಯಲು ಹೋಗುತ್ತಾನೆ. ಹಾಗಾಗಿ ಮದುವೆಯಾದ ಹುಡುಗಿಯರಿಗೆ 'ಪಂಚಮಿಗೆ ಎಲ್ಲಿಗೆ ಹೋಗ್ತೀರಿ' ಅಂತ ಕೇಳಲು ಶುರು ಮಾಡಿದೆ. 'ನಿಮ್ಮ ಬೆಂಬಲ ಜಾಲದ ಬಗ್ಗೆ ತಿಳಿಸಿ' ಅಂತ ಕೇಳಿದರೆ ಸುಮ್ಮನೆ ಕೂರುತ್ತಿದ್ದವರು ಇದಕ್ಕೆ ಒಂದು ತಾಸು ಮಾತಾಡಿದರು. ಒಬ್ಬಳು ಮಂದಿರದ ಅಡುಗೆಯಕ್ಕನ ಮನೆಗೆ ಹೋಗುತ್ತಾಳೆ. ಆಯಕ್ಕ ಉಡಿ ತುಂಬಿ, ರವೆ ಉಂಡಿ ಕಟ್ಟಿಕೊಟ್ಟು ಕಳಿಸುತ್ತಾರೆ. ಅತ್ತೆಮನೆಯಲ್ಲಿ ಇವಳಿಗೆ ಒಂದಿಷ್ಟು ಮರ್ಯಾದೆ ಉಳಿದಿರುವುದೇ ಆ ಉಂಡಿಯಿಂದ ಅಂತ ನಕ್ಕಳು. ಆ ಅಡುಗೆಯಕ್ಕ ದಿನಗೂಲಿಯ ಮೇಲೆ ಇರುವವರು. ಅನುಪಾಲನೆಯ ಯಾವ ದಾಖಲೆಯಲ್ಲೂ ಅವರ ಹೆಸರಿಲ್ಲ. ನನ್ನ ಕೇಳಿಕೆ ಇಷ್ಟೇ: ಬಿಡುವ ಮೊದಲು ತಯಾರಾಗುವ ಯೋಜನೆಯ ಹಾಳೆಯಲ್ಲಿ, ವಿಳಾಸ ಉದ್ಯೋಗದ ಜೊತೆಗೆ, ಇಂಥವರಿಗೂ ಒಂದು ಸಾಲು ಇರಲಿ. ಆ ಯೋಜನೆ ಎರಡು ತಿಂಗಳು ಮೊದಲು ಆಗಬೇಕು ಅಂತ ನಿಯಮ. ಎರಡು ವರ್ಷ ಮೊದಲು ಆದರೂ ತಡವೇ.

ದಾಖಲೆಗಳ ಗೋಳು ಬರೆಯುತ್ತಾ ಹೋದರೆ ಅದೇ ಒಂದು ಪುಸ್ತಕ. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದರೆ ತಂದೆಯ ದಾಖಲೆ ಕೇಳುತ್ತಾರೆ. ಆಧಾರ್‌ನಲ್ಲಿ ಸಂಸ್ಥೆಯ ವಿಳಾಸ, ಅಲ್ಲಿ ಈಗ ಇವನಿಗೆ ಜಾಗವಿಲ್ಲ. ಮಹಾರಾಷ್ಟ್ರ 2018ರಲ್ಲಿ ಅನಾಥರಿಗೆ ಶೇ 1 ಮೀಸಲಾತಿ ತಂದಿತು. ಒಳ್ಳೆಯದೇ. ಆದರೆ ಅಮ್ಮ ಇರುವ ನನ್ನ ಹುಡುಗರಿಗೆ ಇಂಥದ್ದೂ ದಕ್ಕುವುದಿಲ್ಲ.

ಇದಕ್ಕಿಂತ ನನ್ನನ್ನು ಕಾಡುವವರು ಹದಿನೆಂಟು ತುಂಬುವ ಮೊದಲೇ ಹೋದವರು. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕು ರಕ್ಷಣಾ ಆಯೋಗ ಕರ್ನಾಟಕವೂ ಸೇರಿ ಎಂಟು ರಾಜ್ಯಗಳಿಗೆ ಪತ್ರ ಬರೆದು, ಸಂಸ್ಥೆಗಳಲ್ಲಿರುವ ಮಕ್ಕಳನ್ನು ನೂರು ದಿನದೊಳಗೆ ಕುಟುಂಬಕ್ಕೆ ಮರಳಿಸಿ ಅಂದಿತು. ಮಗು ಮನೆಯಲ್ಲೇ ಬೆಳೆಯಬೇಕು ಅನ್ನೋ ತತ್ವ ಸರಿ. ಆದರೆ ಅದು ಲಾಕ್‌ಡೌನ್ ಮುಗಿದು ಕೂಲಿಯೇ ಇಲ್ಲದ ಹೊತ್ತು. ಆವತ್ತು ಹದಿನಾಲ್ಕು ಹದಿನೈದು ವರ್ಷದವರಾಗಿ ಮನೆಗೆ ಹೋದವರು ಈಗ ದೊಡ್ಡವರು. ಹದಿನೆಂಟು ತುಂಬಿದಾಗ ಅವರು ಸಂಸ್ಥೆಯೊಳಗೆ ಇರಲಿಲ್ಲ, ಹಾಗಾಗಿ ಅನುಪಾಲನೆಯ ಲೆಕ್ಕಕ್ಕೂ ಬರುವುದಿಲ್ಲ. ನನ್ನಂಥವರ ಅಧ್ಯಯನದಲ್ಲೂ ಅವರು ಇಲ್ಲ, ಯಾಕೆಂದರೆ ನಮ್ಮ ಪಟ್ಟಿ ಶುರುವಾಗುವುದೇ ಹದಿನೆಂಟಕ್ಕೆ ಬಿಟ್ಟವರಿಂದ. ಇವರನ್ನೂ ಸೇರಿಸಿಕೊಳ್ಳುತ್ತೇನೆ ಅಂತ ಗೈಡ್ ಹತ್ತಿರ ಹಟ ಹಿಡಿದಿದ್ದೇನೆ.

ಮಾತಾಡಿಸುವ ಬಗ್ಗೆಯೂ ಒಂದು ಮಾತು. ಈ ಮಕ್ಕಳು ಚಿಕ್ಕಂದಿನಿಂದ ತಮ್ಮ ಕಥೆ ಹೇಳುತ್ತಲೇ ಬಂದಿದ್ದಾರೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ, ನನ್ನಂಥ ಸಮಾಲೋಚಕರ ಮುಂದೆ, ಹುಟ್ಟುಹಬ್ಬಕ್ಕೆ ಕೇಕ್ ತರುವ ದಾನಿಗಳ ಮುಂದೆ, ಸಮಾಜಕಾರ್ಯ (ಎಂಎಸ್‌ಡಬ್ಲ್ಯೂ) ಓದುವ ವಿದ್ಯಾರ್ಥಿಗಳ ಮುಂದೆ. ಗದಗದಲ್ಲಿ ಒಬ್ಬ ಹುಡುಗ ರೆಕಾರ್ಡರ್ ನೋಡಿದವನೇ, "ಯಾವ ಕಥೆ ಬೇಕು ಮೇಡಂ, ಸಣ್ಣದಾ ದೊಡ್ಡದಾ?" ಅಂದ. ಅವನು ಅಣಕಿಸುತ್ತಿರಲಿಲ್ಲ. ನಿಜವಾಗಿಯೂ ಎರಡು ತಯಾರಿದ್ದವು. ಆವತ್ತು ನಾವು ಕಥೆ ಬಿಟ್ಟು ಅವನ ಬೈಕ್ ಸಾಲದ ಬಗ್ಗೆ ಮಾತಾಡಿದೆವು. ಸಾಲಕ್ಕೆ ಜಾಮೀನು ಯಾರು ಹಾಕಿದರು, ಯಾಕೆ ಹಾಕಿದರು, ಕಂತು ತಪ್ಪಿದಾಗ ಏನಾಯಿತು. ನನಗೆ ಬೇಕಾದ್ದೆಲ್ಲ ಅದರೊಳಗೇ ಇತ್ತು. ಜಾಮೀನು ಹಾಕಿದ್ದು ಅವನ ಓನರ್. ಅದಕ್ಕಾಗಿ ಎರಡು ವರ್ಷ ಕೆಲಸ ಬಿಡುವ ಹಾಗಿಲ್ಲ ಅಂತ ಬಾಯಿಮಾತಿನ ಒಪ್ಪಂದ.

ಈಗ ಎರಡನೇ ಹಂತಕ್ಕೆ ಅಮ್ಮಂದಿರನ್ನೇ ಮಾತಾಡಿಸಬೇಕು ಅಂತಿದ್ದೇನೆ. ಅವರನ್ನು ಖಳನಾಯಕಿ ಮಾಡಿ ಬರೆದುಬಿಡುವುದು ಸುಲಭ. ಅಷ್ಟು ವರ್ಷ ಬರದಿದ್ದಕ್ಕೆ ಅವರ ಹತ್ತಿರವೂ ಕಾರಣ ಇರುತ್ತದೆ. ಎಷ್ಟೋ ಸಲ ಬಸ್ ಚಾರ್ಜೇ ಕಾರಣ. ಈಗ ಶಕ್ತಿ ಯೋಜನೆಯಲ್ಲಿ ದುಡ್ಡು ಕೊಡದೆ ಬರಬಹುದು, ಆಗ ಅದು ಇರಲಿಲ್ಲ. ಮಕ್ಕಳ ಒಪ್ಪಿಗೆ ಇಲ್ಲದೆ ಅವರ ಅಮ್ಮಂದಿರ ಹತ್ತಿರ ಹೋಗಲಾರೆ, ಹೋಗಬಾರದು ಕೂಡ. ಸರ್ವಿಸ್ ಸೆಂಟರಿನ ಹುಡುಗ ಮೊದಲು ಬೇಡ ಅಂದ. ಹೋದ ವಾರ ಅವನೇ ಫೋನ್ ಮಾಡಿ, ಕೇಳಿದ್ದೇನೆ, ಒಪ್ಪಿದ್ದಾಳೆ, ಆದರೆ ಅವಳ ಹತ್ತಿರ ದುಡ್ಡಿನ ವಿಷಯ ಎತ್ತಬೇಡಿ ಅಂದ. ಸರಿ ಅಂದೆ. ಆಮೇಲೆ ಅವಳೇ ನನಗೆ ಮಿಸ್ಡ್ ಕಾಲ್ ಕೊಟ್ಟಳು. ನಾನು ವಾಪಸ್ ಮಾಡಿದಾಗ ಮೊದಲು ಕೇಳಿದ್ದೇ, ಒಂದು ದಿನದ ಕೂಲಿ ಹೋಗುತ್ತದೆ, ಅದನ್ನು ಕೊಡ್ತೀರಾ ಅಂತ. ನ್ಯಾಯವಾದ ಪ್ರಶ್ನೆ. ವಿಶ್ವವಿದ್ಯಾಲಯದ ಬಜೆಟ್ಟಿನಲ್ಲಿ ಅದಕ್ಕೆ ಕಾಲಂ ಇಲ್ಲ, ಪ್ರಯಾಣ ವೆಚ್ಚದಲ್ಲಿ ತೋರಿಸಬಹುದಾ ಅಂತ ವಿಚಾರಿಸುತ್ತಿದ್ದೇನೆ.